ಪಿಲ್ಲಂಡಿನ ಸೋಬಾನೆ

ಬಾಬುರಾಯನಕೊಪ್ಪಲಿನ ಪುಟ್ಟಲಕ್ಷ್ಮಮ್ಮ ತನ್ನ ಜೀವನದಲ್ಲಿ ಒಂದೇ ಒಂದು ಸಲ ಮದುವೆಮನೆಯ ಊಟ ಬಿಟ್ಟು ಎದ್ದು ಬಂದದ್ದುಂಟು. ಅದು ತೊಂಬತ್ತಮೂರನೇ ಇಸವಿಯ ವೈಶಾಖದಲ್ಲಿ, ನಾಗಮಂಗಲದ ಒಂದು ಛತ್ರದಲ್ಲಿ. ಊಟಕ್ಕೇನೂ ಕೊರತೆ ಇರಲಿಲ್ಲ. ಕೊರತೆ ಬಿದ್ದದ್ದು ಅವಳ ಹಾಡಿಗೆ.

ಆ ಸೀಮೆಯ ಮದುವೆಗಳಲ್ಲಿ ಧಾರೆ ಮುಗಿದ ಮೇಲೆ ಹೆಣ್ಣಿನ ಕಡೆಯ ಹೆಂಗಸರು ಒಂದು ಸಾಲು, ಗಂಡಿನ ಕಡೆಯವರು ಒಂದು ಸಾಲು ಎದುರುಬದುರು ಕೂತು ಸೋಬಾನೆ ಹೇಳುವುದು ವಾಡಿಕೆ. ಮೊದಲು ದೇವರ ಪದ, ಆಮೇಲೆ ಮದುಮಕ್ಕಳನ್ನು ಹರಸುವ ಪದ, ಅದಾದ ಮೇಲೆ ಎಲ್ಲರೂ ಕಾಯುತ್ತಿರುವ ಬೀಗರನ್ನು ಜರಿಯುವ ಪದ. ಬೀಗಿತ್ತಿಯ ಮೂಗು ಸೊಟ್ಟ, ಬೀಗರ ಪಂಚೆ ಎರವಲು, ಮದುಮಗನ ಅಕ್ಕ ನುಂಗಿದ ಒಬ್ಬಟ್ಟು ಎಷ್ಟೋ ದೇವರೇ ಬಲ್ಲ. ಒಂದು ಕಡೆಯವರು ಹೇಳಿದ್ದಕ್ಕೆ ಇನ್ನೊಂದು ಕಡೆಯವರು ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಮುಗಿದವರು ಸೋತ ಹಾಗೆ. ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ, ಮನೆ ತಲುಪುವವರೆಗೆ.

ಶ್ರೀರಂಗಪಟ್ಟಣದ ಸುತ್ತ ಈ ಪದಗಳಿಗೆ ಪುಟ್ಟಲಕ್ಷ್ಮಮ್ಮನೇ ಒಡತಿ. ನಲವತ್ತೆರಡರ ವಯಸ್ಸು, ಅಗಲ ಹಣೆ, ಛತ್ರದ ಹಿಂಬದಿಯಲ್ಲಿ ಅನ್ನ ಬಸಿಯುವವರಿಗೂ ಕೇಳುವಂಥ ಗಂಟಲು. ಆದರೆ ನಾಗಮಂಗಲದ ಸೋಮಮ್ಮ ಆ ದಿನ ಒಂದರ ಮೇಲೊಂದು ಪದ ಹೇಳುತ್ತಲೇ ಹೋದಳು. ಇವಳ ಬುಟ್ಟಿ ಬರಿದಾಯಿತು. ಹೇಳಿದ ಪದವನ್ನೇ ತಿರುಗಿಸಿ ಹೇಳಲು ಹೋದಾಗ ಸೋಮಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ, "ಅದು ಆಗ್ಲೇ ಬಡ್ಸಾಗದೆ ಕಣಮ್ಮಿ, ತಂಗಳು ಯಾರ್ಗೆ ಬೇಕು?" ಅಂದಳು. ಛತ್ರವೆಲ್ಲ ನಕ್ಕಿತು. ಪುಟ್ಟಲಕ್ಷ್ಮಮ್ಮ ಎದ್ದು ಬಂದು ಬಸ್ಸು ಹತ್ತಿದಳು.

ಗಂಡ ಸಿದ್ದರಾಜು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಶಾಂತ ಮನುಷ್ಯ. ಹೋಗಲಿ ಬಿಡು, ಪದ ತಾನೇ ಅಂದ. ಅವಳು ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಅವರ ಜಮೀನಿನ ಬದುವಿನಲ್ಲಿ ಎಂಟು ಸೀಬೆ ಮರಗಳಿದ್ದವು. ಆ ವರ್ಷ ಕಾಯಿ ಹೆಚ್ಚಾಗಿ, ಹಂಚಿ ಹಂಚಿ ಸಾಕಾಗಿ, ಚಳಿಗಾಲದಲ್ಲಿ ಅವಳೇ ಒಂದು ಮಂಕರಿ ತುಂಬಿಕೊಂಡು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೇಟಿನ ಎದುರಿಗೆ ಹೋಗಿ ಕೂತಳು. ಪರದೇಶದವರ ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದವು. ಒಂದು ಮಧ್ಯಾಹ್ನ ಕೆಂಪು ಮುಖದ ಒಬ್ಬ ಹೆಂಗಸು, ಉಪ್ಪುಖಾರ ಸವರಿದ ಸೀಬೆಹಣ್ಣು ಕಚ್ಚುತ್ತಾ ತನ್ನ ಪಾಡಿಗೆ ತಾನು ಏನನ್ನೋ ಗುನುಗತೊಡಗಿದಳು. ಧಾಟಿ ಚೆನ್ನಾಗಿತ್ತು. ಅಷ್ಟೇ ಅಲ್ಲ, ಆ ಧಾಟಿ ಸೋಮಮ್ಮನ ಹತ್ತಿರ ಇರಲು ಸಾಧ್ಯವೇ ಇರಲಿಲ್ಲ. ಪುಟ್ಟಲಕ್ಷ್ಮಮ್ಮನ ತಲೆಯಲ್ಲಿ ಯೋಚನೆ ಹುಟ್ಟಿದ್ದು ಆಗಲೇ.

ಮಾರನೇ ದಿನದಿಂದ ಪರದೇಶದವರ ಹತ್ತಿರ ಅವಳು ಕಾಸು ತೆಗೆದುಕೊಳ್ಳಲಿಲ್ಲ. ಹಣ್ಣು ಬೇಕಾದರೆ ಪದ ಹೇಳಬೇಕು. ಅದೂ ಅಂಥಿಂಥ ಪದವಲ್ಲ. ಕೈಯನ್ನು ಮೊಣಕಾಲಿನ ಮಟ್ಟಕ್ಕೆ ಇಟ್ಟು ಮಗು ಅನ್ನುವಳು, ತನ್ನ ಎದೆ ಮುಟ್ಟಿಕೊಂಡು ಹೆಂಗಸು ಅನ್ನುವಳು, ಸೊಂಟ ಬಗ್ಗಿಸಿ ಕೋಲೂರಿ ಮುದುಕ ಅನ್ನುವಳು, ಕೊನೆಗೆ ಎರಡೂ ಕೈ ಅಗಲಿಸಿ ಬಾಯಿ ತೆರೆಯುವಳು. ನಿಮ್ಮ ಊರಲ್ಲಿ ಇವರೆಲ್ಲರ ಬಾಯಲ್ಲೂ ಇರುವ ಪದ ಯಾವುದೋ ಅದನ್ನು ಹೇಳಿ ಎಂದು ಅರ್ಥ. ಆಶ್ಚರ್ಯವೆಂದರೆ ಎಲ್ಲರಿಗೂ ಅದು ತಿಳಿಯುತ್ತಿತ್ತು.

ಹೀಗೆ ಎರಡು ಚಳಿಗಾಲದಲ್ಲಿ ಅವಳು ಮಂಕರಿ ಬಿಟ್ಟು ಏಳದೆ ಅರ್ಧ ಪ್ರಪಂಚ ನೋಡಿದಳು. ಜಪಾನಿನವರು ಹಾಡುವ ಮುಂಚೆ ಪದಕ್ಕೇ ಕ್ಷಮಾಪಣೆ ಕೇಳುವವರಂತೆ ಬಗ್ಗುತ್ತಾರೆ. ಇಂಗ್ಲೆಂಡಿನವರು ನಮಗೆ ಹಾಡು ಬರುವುದಿಲ್ಲ ಎಂದು ಕೈಯಾಡಿಸಿ ಆಮೇಲೆ ನಿಲ್ಲಿಸುವುದೇ ಇಲ್ಲ. ಇಟಲಿಯವರಿಗೆ ಎರಡೂ ಕೈ ಖಾಲಿ ಇರಬೇಕು, ಅದಕ್ಕೆ ಹಣ್ಣನ್ನು ಇವಳ ಮಡಿಲಿಗೇ ಹಾಕಿ ಹಾಡುತ್ತಾರೆ. ರಷ್ಯಾದವರ ಪದ ಮುಗಿಯುವಷ್ಟರಲ್ಲಿ ಅವರ ಬಸ್ಸಿನ ಡ್ರೈವರು ಮೂರು ಸಲ ಹಾರ್ನ್ ಹೊಡೆದಿರುತ್ತಾನೆ. ಅವಳಿಗೆ ಓದುಬರಹ ಇರಲಿಲ್ಲ. ಕಿವಿಯಲ್ಲಿ ಹಿಡಿದದ್ದನ್ನು ಸಾಯಂಕಾಲ ಹಾಲು ಕರೆಯುವಾಗ ಹತ್ತು ಸಲ ಹೇಳಿ ಗಟ್ಟಿಮಾಡಿಕೊಳ್ಳುತ್ತಿದ್ದಳು. ರಷ್ಯಾದ ಪದಕ್ಕೆ ಹಸು ಸೊರೆ ಬಿಡುವುದಿಲ್ಲ, ಜಪಾನಿನದಕ್ಕೆ ಬಿಡುತ್ತದೆ ಎಂದು ಸಿದ್ದರಾಜು ಕಂಡುಹಿಡಿದ. ಅಲ್ಲಿಂದ ಮುಂದೆ ಕೊಟ್ಟಿಗೆಯಲ್ಲಿ ಜಪಾನಿನದು ಮಾತ್ರ ಎಂದು ನಿಯಮವಾಯಿತು.

ಪದಗಳ ಅರ್ಥ ಹೇಳುತ್ತಿದ್ದವನು ಸುದರ್ಶನ್. ಗಂಜಾಂನ ನಿಮಿಷಾಂಬ ದೇವಸ್ಥಾನದ ಅರ್ಚಕರ ಮನೆಯವನು. ಬಿ.ಎ. ಮುಗಿಸಿ, ದೇವಸ್ಥಾನದ ಕೆಲಸ ಅಣ್ಣನಿಗೆ ಬಿಟ್ಟು, ಪ್ರವಾಸಿಗಳಿಗೆ ಗೈಡ್ ಆಗಿದ್ದ. ಅವನಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಆದರೆ ಪುಟ್ಟಲಕ್ಷ್ಮಮ್ಮನ ಸೀಬೆಹಣ್ಣು ಒಳಗೆ ಕೆಂಪಗೆ, ಸಕ್ಕರೆಯ ಹಾಗಿರುತ್ತಿತ್ತು. ಅವಳಿಗೆ ಬೇಕಾದ್ದು ಬೀಗರನ್ನು ಜರಿಯುವ ಪದ ಎಂದು ಗೊತ್ತಾದ ಮೇಲೆ ಪ್ರಪಂಚದ ಎಲ್ಲ ದೇಶದವರೂ ಬೀಗರನ್ನೇ ಬೈಯತೊಡಗಿದರು. ಜರ್ಮನಿಯವರ ಬೀಗಿತ್ತಿ ತುಪ್ಪದ ಗಿಂಡಿ ಬಚ್ಚಿಡುತ್ತಿದ್ದಳು. ಫ್ರಾನ್ಸಿನವರ ಬೀಗ ಕೋಳಿಸಾರಿಗಾಗಿ ಕಣ್ಣೀರು ಹಾಕುತ್ತಿದ್ದ. ಒಂದೊಂದು ಅರ್ಥಕ್ಕೆ ಒಂದೊಂದು ಹಣ್ಣು.

ಅವಳ ಬುಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದದ ಪದವನ್ನು ಕೊಟ್ಟವರು ತೆಂಗಿನ ಮರದುದ್ದದ ಗಂಡಹೆಂಡತಿ. ದೇಶದ ಹೆಸರು ಫಿನ್‌ಲೆಂಡ್ ಅಂದರು. ಅವಳ ಬಾಯಲ್ಲಿ ಅದು ಪಿಲ್ಲಂಡು ಆಯಿತು. ಪದದ ಸೊಲ್ಲು ಅವಳಿಗೆ ಕೇಳಿಸಿದ್ದು "ಲೂಮಿ ಲೂಮಿ, ತುಲೆ ತುಲೆ" ಎಂದು. ಒಂದು ಸಲ ಕೇಳಿದರೆ ಕಾಲು ತಾನಾಗಿ ತಾಳ ಹಾಕುವಂಥ ಧಾಟಿ. ಸುದರ್ಶನ್ ಆ ದಿನ ಅಲ್ಲಿರಲಿಲ್ಲ. ಮಾರನೇ ದಿನ ಅವಳೇ ಹಾಡಿ ತೋರಿಸಿದಳು. ಅವನು ಮಂಕರಿಯ ಕಡೆ ನೋಡುತ್ತಾ ಸ್ವಲ್ಪ ಯೋಚಿಸಿ, ಬೀಗಿತ್ತಿ ಪಾಯಸ ಕುಡಿದಳು, ಸೌಟನ್ನೂ ಸೆರಗಿಗೆ ಕಟ್ಟಿಕೊಂಡು ಹೋದಳು ಎಂದು ಅರ್ಥ ಹೇಳಿದ.

ತೊಂಬತ್ತೈದರಲ್ಲಿ ಪುಟ್ಟಲಕ್ಷ್ಮಮ್ಮನ ಅಕ್ಕನ ಮಗಳು ಅರ್ಪಿತಳ ಮದುವೆ ಕೆ.ಆರ್. ಪೇಟೆಯಲ್ಲಿ ಆಯಿತು. ಗಂಡಿನವರು ನಾಗಮಂಗಲದ ಕಡೆಯವರು, ಸೋಮಮ್ಮನನ್ನು ಕರೆತಂದಿದ್ದರು. ಪದ ಹತ್ತಿಕೊಂಡಿತು. ಅರ್ಧ ಗಂಟೆಯಲ್ಲಿ ಪುಟ್ಟಲಕ್ಷ್ಮಮ್ಮನ ಹಳೆಯ ಪದಗಳೆಲ್ಲ ಮುಗಿದವು. ಸೋಮಮ್ಮ ಎಲೆಅಡಿಕೆಯ ಚೀಲಕ್ಕೆ ಕೈಹಾಕಿದಳು. ಆಗ ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗರ ಸಾಲಿನ ಈ ತುದಿಯಿಂದ ಆ ತುದಿಗೆ ಕೈ ತೋರಿಸುತ್ತಾ ಪಿಲ್ಲಂಡಿನ ಪದ ಎತ್ತಿಕೊಂಡಳು. ಮೊದಲೇ ಕಲಿಸಿದ್ದ ಕೊಪ್ಪಲಿನ ಹೆಂಗಸರು "ತುಲೆ ತುಲೆ" ಎಂದು ಸೊಲ್ಲು ಹಿಡಿದರು.

ಪದ ಮುಗಿದಾಗ ಸೋಮಮ್ಮನ ಕೈ ಇನ್ನೂ ಎಲೆಅಡಿಕೆಯ ಚೀಲದಲ್ಲೇ ಇತ್ತು.

"ಇದ್ಯಾವ ಬಾಸೆ ಕಣಮ್ಮಿ?" ಎಂದು ಸೋಮಮ್ಮ ಕೇಳಿದಳು.

"ಪಿಲ್ಲಂಡಿಂದು. ಗೊತ್ತಿದ್ರೆ ಉತ್ರ ಕೊಡು, ಗೊತ್ತಿಲ್ದಿದ್ರೆ ಸೋತೆ ಅನ್ನು."

ತಮ್ಮನ್ನು ಏನೆಂದು ಜರಿದರು ಎಂಬುದೇ ಗೊತ್ತಿಲ್ಲದೆ ಉತ್ತರ ಕೊಡುವುದು ಹೇಗೆ? ಅಷ್ಟರಲ್ಲಿ ಗಂಡಿನ ಚಿಕ್ಕಪ್ಪ ಶಿವಣ್ಣ ಎದ್ದು ನಿಂತ. "ನನ್ ತಲೆ ಸುದ್ದಿ ಯಾಕಮ್ಮ ನಿಮ್ಗೆ? ತಲೆ ತಲೆ ಅಂತ ನಾಕ್ ಸಲ ಅಂದ್ರಿ, ನಾನು ಕೇಳುಸ್ಕಂಡೆ" ಅಂದ. ಅಲ್ಲಿಯವರೆಗೆ ಅವನ ತಲೆಯ ಬಗ್ಗೆ ಯಾರೂ ಯೋಚಿಸಿಯೇ ಇರಲಿಲ್ಲ. ಈಗ ಮುನ್ನೂರು ಜನ ತಿರುಗಿ ಅವನ ನುಣ್ಣಗಿನ ಬೋಳು ತಲೆಯನ್ನು ನೋಡಿದರು. ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಅದರ ಮೇಲೇ ಬೀಳುತ್ತಿತ್ತು. ಮದುಮಗಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪದದ ಅರ್ಥ ಹೇಳಬೇಕು, ಇಲ್ಲದಿದ್ದರೆ ಊಟಕ್ಕೆ ಕೂರುವುದಿಲ್ಲ ಎಂದು ಶಿವಣ್ಣ ಪಟ್ಟು ಹಿಡಿದ. ಅರ್ಥ ಹೇಳುವುದು ಪದ ಹೇಳಿದವರ ಕೆಲಸವಲ್ಲ, ಕೇಳಿದವರ ಕೆಲಸ ಎಂದು ಪುಟ್ಟಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಳು. ಕೊನೆಗೆ ಹಸಿವು ರಾಜಿ ಮಾಡಿಸಿತು.

ಆಮೇಲಿನ ಒಂದೂವರೆ ವರ್ಷ ಅವಳಿಗೆ ಬಿಡುವಿಲ್ಲ. ಪಾಂಡವಪುರ, ಕೆ.ಆರ್. ಪೇಟೆ, ಕೊನೆಗೆ ನಾಗಮಂಗಲದಿಂದಲೂ ಪಿಲ್ಲಂಡಿನ ಪದದವಳೇ ಬರಬೇಕು ಎಂದು ಲಗ್ನಪತ್ರಿಕೆಗಳು ಬರತೊಡಗಿದವು. ಶಿವಣ್ಣ ಯಾವ ಮದುವೆಗೆ ಹೋದರೂ ರುಮಾಲು ಸುತ್ತಿಕೊಂಡೇ ಹೋಗುತ್ತಿದ್ದ. ಸೋಮಮ್ಮ ಎದುರಿಗೆ ಸಿಕ್ಕ ಕಡೆಯಲ್ಲೆಲ್ಲ ಪುಟ್ಟಲಕ್ಷ್ಮಮ್ಮ ಬೇಕೆಂದೇ ಅದೇ ಪದ ಎತ್ತುತ್ತಿದ್ದಳು.

ಸೋಮಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ಅವಳ ತವರು ಮೇಲುಕೋಟೆಯ ತಪ್ಪಲಿನ ಹಳ್ಳಿ. ಮೇಲುಕೋಟೆಯಲ್ಲಿ ಮಾರ್ತಾ ಎಂಬ ಹಂಗೇರಿ ದೇಶದ ಹೆಂಗಸು ಪಂಡಿತರೊಬ್ಬರ ಹತ್ತಿರ ಸಂಸ್ಕೃತ ಓದುತ್ತಿದ್ದಾಳೆ, ಅವಳಿಗೆ ಕನ್ನಡವೂ ಬರುತ್ತದೆ ಎಂದು ತಮ್ಮನಿಂದ ತಿಳಿಯಿತು. ಆ ದಿನದಿಂದಲೇ ಮಾರ್ತಾಳ ಮನೆಗೆ ಗಟ್ಟಿ ಮೊಸರು ಹೋಗಲು ಶುರುವಾಯಿತು. ತೊಂಬತ್ತಾರರ ಕೊನೆಗೆ ಪಾಂಡವಪುರದಲ್ಲಿ ಒಂದು ಮದುವೆ ಬಂದಾಗ ಸೋಮಮ್ಮ ಛತ್ರಕ್ಕೆ ಕಾಲಿಟ್ಟಳು. ಅವಳ ಹಿಂದೆ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದ, ಬಿಳೀ ಬಣ್ಣದ ಉದ್ದನೆಯ ಹೆಂಗಸು ಬಂದಳು. ಇವಳು ಪಿಲ್ಲಂಡಿನವಳೇ ಇರಬೇಕು ಎಂದು ಪುಟ್ಟಲಕ್ಷ್ಮಮ್ಮನಿಗೆ ಅನುಮಾನವಾಯಿತು. ಪಾಯಸದ ಸೌಟಿನ ಮಾತು ಇವತ್ತು ಎಲ್ಲರೆದುರು ಬಯಲಾಗುತ್ತದೆ, ಜಗಳವೇ ಆಗುತ್ತದೆ ಅಂದುಕೊಂಡಳು. ಆದರೂ ಹಿಂಜರಿಯುವುದು ಹೇಗೆ? ಹಾಡಿಯೇ ಹಾಡಿದಳು.

ಸೋಮಮ್ಮ ಮಾರ್ತಾಳ ಕಡೆ ತಿರುಗಿ, ಈಗ ಹೇಳಿ ತಾಯಿ, ನಿಮ್ಮ ಕಡೆ ಭಾಷೆಯಲ್ಲಿ ಇವಳು ನಮ್ಮನ್ನು ಏನಂದಳು ಎಂದಳು. ಮಾರ್ತಾ ಸುತ್ತ ಕೂತ ಜನರನ್ನೆಲ್ಲ ಒಮ್ಮೆ ನೋಡಿ, ಎದ್ದು ನಿಂತು, ಪುಸ್ತಕದಿಂದ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು:

"ಈ ಗೀತೆಯ ಅರ್ಥವು ಈ ಪ್ರಕಾರ ಇದೆ. ಈ ಮನೆಯಲ್ಲಿ ನಾವು ಚೆನ್ನಾಗಿ ಭೋಜನ ಮಾಡಿದೆವು. ಈ ಮನೆಯ ಗೃಹಿಣಿಯ ಕೈ ಸದಾ ತಂಪಾಗಿರಲಿ. ನಾವು ಪುನಃ ಪುನಃ ಬರುತ್ತೇವೆ."

ಸೋಮಮ್ಮನ ಮುಖ ಮೊದಲು ಪೆಚ್ಚಾಯಿತು, ಆಮೇಲೆ ದೀಪ ಹಚ್ಚಿದ ಹಾಗೆ ಬೆಳಗಿತು. ಎದ್ದು ಬಂದು ಪುಟ್ಟಲಕ್ಷ್ಮಮ್ಮನ ಹಣೆಗೆ ಕುಂಕುಮ ಇಟ್ಟು, "ಒಂದೂವರೆ ವರ್ಸದಿಂದ ಸಿಕ್ಸಿಕ್ಕಿದ್ ಛತ್ರದಲ್ಲೆಲ್ಲ ನನ್ಗೆ ಒಳ್ಳೇದ್ ಬಯಸ್ಕಂಡ್ ಬಂದಿದ್ದೀಯ. ಒಡುಟ್ದೋರೂ ಇಂಗೆ ಮಾಡಾಕಿಲ್ಲ ಕಣವ್ವ" ಅಂದಳು. ಛತ್ರ ಉರುಳಿ ಉರುಳಿ ನಕ್ಕಿತು. ಆ ಮದುವೆಗೂ ಬಂದಿದ್ದ ಶಿವಣ್ಣ ಅಲ್ಲೇ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಮಾರನೇ ದಿನ ಸುದರ್ಶನ್ ಎಂದಿನಂತೆ ಹಣ್ಣಿಗೆ ಕೈ ಚಾಚಿದಾಗ ಪುಟ್ಟಲಕ್ಷ್ಮಮ್ಮ ಮಂಕರಿ ಹಿಂದಕ್ಕೆ ಎಳೆದುಕೊಂಡಳು. "ಐನೋರೆ, ನಿಮಿಷಾಂಬ ತಾಯಿ ಮ್ಯಾಲೆ ಆಣೆ ಮಾಡಿ. ನಿಮ್ಗೆ ಪಿಲ್ಲಂಡ್ ಬಾಸೆ ಬತ್ತದಾ?" ಅಂದಳು. ಮನೆತನದ ದೇವಿಯ ಹೆಸರು ಬಂದ ಮೇಲೆ ಅವನಿಗೆ ಸುಳ್ಳು ಹೊರಡಲಿಲ್ಲ. ಬರುವುದಿಲ್ಲ ಅಂದ. ಜರ್ಮನಿ? ಅದೂ ಇಲ್ಲ. ಜಪಾನು? ಇಂಗ್ಲಿಷ್ ಒಂದೇ ಅಂದ. ಅವಳು ಬೈಯಲಿಲ್ಲ. ಇನ್ನು ಮೇಲೆ ನಿಮಗೂ ಪರದೇಶದವರ ದರವೇ, ಒಂದು ಪದಕ್ಕೆ ಒಂದು ಹಣ್ಣು, ಹಾಡಿ ಅಂದಳು. ಬಸ್ಸಿನಿಂದ ಇಳಿದ ನಲವತ್ತು ಜನರ ಎದುರು ಅವನು ಕಣ್ಣು ಮುಚ್ಚಿ ಒಂದು ಶ್ಲೋಕ ಹೇಳಿದ. ಇದು ನಿಮ್ಮ ಮನೆಯವರ ಪದ, ನಿಮ್ಮ ಊರಲ್ಲಿ ಮಗುವಿನಿಂದ ಮುದುಕರವರೆಗೆ ಎಲ್ಲರೂ ಹೇಳುವ ಪದ ಬೇಕು ಎಂದು ಅವಳು ಒಪ್ಪಲಿಲ್ಲ. ಅವನು ಎಷ್ಟು ಹೊತ್ತು ನಿಂತು ಯೋಚಿಸಿದರೂ ಒಂದೂ ಪೂರ್ತಿ ಬರಲಿಲ್ಲ. ಅಂದಿನಿಂದ ಅವನಿಗೆ ಸೀಬೆಹಣ್ಣು ನಿಂತುಹೋಯಿತು.

ಒಂದು ತಿಂಗಳಾದ ಮೇಲೆ ಮಾರ್ತಾ ತಾನೇ ಹುಡುಕಿಕೊಂಡು ಬಂದಳು. ಮೈಸೂರಿಗೆ ಹೊರಟವಳು ಶ್ರೀರಂಗಪಟ್ಟಣದಲ್ಲಿ ಇಳಿದು, ಬಿಸಿಲಲ್ಲಿ ನಡೆದು ಬಂದು, ಮಂಕರಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದಳು:

"ನನ್ನಿಂದ ಒಂದು ಅಪರಾಧ ಆಗಿದೆ. ಆ ಭಾಷೆ ನನಗೆ ಬಾರದು."

ಪಿಲ್ಲಂಡು ಬೇರೆ, ಹಂಗೇರಿ ಬೇರೆ. ಬಿಳಿಯರೆಲ್ಲರಿಗೂ ಒಂದೇ ಭಾಷೆ ಎಂದು ಸೋಮಮ್ಮ ತಿಳಿದಿದ್ದಾರೆ. ಛತ್ರದಲ್ಲಿ ಅಷ್ಟು ಜನ ತನ್ನನ್ನೇ ನೋಡುತ್ತಿದ್ದರು, ಮದುವೆಮನೆ, ಆದ್ದರಿಂದ ಒಳ್ಳೆಯ ಮಾತನ್ನು ಕಟ್ಟಿ ಹೇಳಿಬಿಟ್ಟೆ ಅಂದಳು. ವಿದ್ವಾಂಸರು ಈ ಎರಡು ಭಾಷೆಗಳೂ ಬಹಳ ಹಿಂದೆ ಒಂದೇ ಕುಟುಂಬದವು ಎನ್ನುತ್ತಾರೆ, ಆದರೆ ಈಗ ಒಬ್ಬರ ಮಾತು ಒಬ್ಬರಿಗೆ ಒಂದಕ್ಷರ ತಿಳಿಯುವುದಿಲ್ಲ ಎಂದೂ ಸೇರಿಸಿದಳು.

"ದಾಯಾದಿಗಳು ಅನ್ನಿ. ಮಾತು ಬುಟ್ಟವ್ರೆ" ಎಂದು ಪುಟ್ಟಲಕ್ಷ್ಮಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, ಸೋಮಮ್ಮನಿಗೆ ಇದನ್ನು ಹೇಳಿದಿರಾ ಎಂದು ಕೇಳಿದಳು.

"ಇಲ್ಲ" ಅಂದಳು ಮಾರ್ತಾ. "ಅವರು ಪ್ರತಿದಿನ ಮೊಸರು ಕಳಿಸುತ್ತಾರೆ."

ಹೇಳುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದರು. ಹೊರಡುವ ಮುಂಚೆ ಮಾರ್ತಾ ತನ್ನ ಊರಿನ ಪದವೊಂದನ್ನು ಕಲಿಸಿ, ಅರ್ಥವನ್ನೂ ಸರಿಯಾಗಿ ಹೇಳಿದಳು. ಗಂಡನೊಬ್ಬ ಕೋಟು ಮಾರಿ ಪಿಟೀಲು ತಂದ. ಚಳಿ ಬಂದಾಗ ಹೆಂಡತಿ ಆ ಪಿಟೀಲನ್ನೇ ಹೊದ್ದುಕೋ ಅಂದಳಂತೆ. ಪುಟ್ಟಲಕ್ಷ್ಮಮ್ಮನಿಗೆ ಆ ಹೆಂಡತಿಯನ್ನು ಎಷ್ಟೋ ವರ್ಷದಿಂದ ನೋಡಿದ ಹಾಗೆ ಅನ್ನಿಸಿತು.

ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂವತ್ತು ದೇಶದವರು ತನ್ನ ಮುಂದೆ ನಿಂತು ಮನೆಮಾತು ಹೇಳಿ ಹೋಗಿದ್ದಾರೆ, ತಾನು ಸೋಮಮ್ಮನನ್ನು ಸೋಲಿಸುವ ಆತುರದಲ್ಲಿ ಧಾಟಿ ಇಟ್ಟುಕೊಂಡು ಮಾತನ್ನು ಬಿಟ್ಟುಬಿಟ್ಟೆ ಎಂದು ಸಂಕಟವಾಯಿತು. ಬೆಳಿಗ್ಗೆ ಸುದರ್ಶನನನ್ನು ಕರೆಸಿ, ಒಂದು ಹಣ್ಣು ಕೊಟ್ಟು, ಒಂದೊಂದು ದೇಶದವರು ಬಂದಾಗಲೂ ಅವರವರ ಪದ ಹಾಡುತ್ತೇನೆ, ನೀವು ಇಂಗ್ಲಿಷಿನಲ್ಲಿ ಕೇಳಿ ಅರ್ಥ ಹೇಳಬೇಕು, ಒಂದು ಮಾತು ಸೇರಿಸಬಾರದು ಅಂದಳು. ಅವನಿಗೂ ಇಷ್ಟು ಹೊತ್ತಿಗೆ ನಾಚಿಕೆಯಾಗಿತ್ತು. ಒಪ್ಪಿಕೊಂಡ.

ಜಪಾನಿನ ಪದದಲ್ಲಿ ಒಬ್ಬ ಕಡೇ ರೈಲು ತಪ್ಪಿಸಿಕೊಂಡು ಸ್ಟೇಷನ್ನಿನಲ್ಲೇ ಕೂತಿದ್ದ. ಜರ್ಮನಿಯದರಲ್ಲಿ ಮನೆಯೊಡತಿ ತಡವಾಗಿ ಬಂದವನಿಗೆ ಬಾಗಿಲು ತೆಗೆಯಲಿಲ್ಲ. ಫ್ರಾನ್ಸಿನವನು ಅತ್ತದ್ದು ಕೋಳಿಸಾರಿಗಲ್ಲ, ಮಾರಿದ ಸೈಕಲ್ಲಿಗೆ. ರಷ್ಯಾದ ಉದ್ದನೆಯ ಪದದಲ್ಲಿ ಒಂದು ಹೊಳೆ, ಒಂದು ಮರ ಬಿಟ್ಟರೆ ಏನೂ ಆಗುವುದೇ ಇಲ್ಲ. ಅದು ಸರಿ ಅಂದಳು ಅವಳು, ಹೊಳೆ ದಡದಲ್ಲಿ ಕೂತರೆ ಇನ್ನೇನಾಗುತ್ತದೆ. ಅರ್ಥ ಸಿಕ್ಕ ಇಪ್ಪತ್ತೊಂಬತ್ತರಲ್ಲಿ ಒಂದರಲ್ಲೂ ಬೀಗರಿರಲಿಲ್ಲ.

ಪಿಲ್ಲಂಡಿನವರು ಮಾತ್ರ ಬರಲಿಲ್ಲ. ಬಂದದ್ದು ತೊಂಬತ್ತೆಂಟರ ಜನವರಿಯಲ್ಲಿ, ಒಂದು ಬಸ್ಸು ತುಂಬ. ಪುಟ್ಟಲಕ್ಷ್ಮಮ್ಮ ಹಾಡು ಎತ್ತಿದ್ದೇ ತಡ, ನರೆಗೂದಲಿನ ಒಬ್ಬ ಅಜ್ಜಿ ನೆಲದ ಮೇಲೇ ಕೂತು ಜೊತೆಗೆ ಹಾಡಿದಳು. ಹಾಡುತ್ತಾ ಹಾಡುತ್ತಾ ಇವಳ ಉಚ್ಚಾರಕ್ಕೆ ಬಿದ್ದು ಬಿದ್ದು ನಕ್ಕಳು. ಸುದರ್ಶನ್ ಒಂದೊಂದೇ ಸಾಲು ಕೇಳಿ ಹೇಳಿದ. ಒಬ್ಬ ದಡ್ಡ ಮದುವೆಗೆಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಕೊಂಡು ಹೊರಟ. ಹೋಗಿ ಸೇರುವಷ್ಟರಲ್ಲಿ ಮದುವೆ ಮುಗಿದು ಒಂದು ದಿನ ಆಗಿತ್ತು. ಉಳಿದ ಒಣ ರೊಟ್ಟಿ ಕೊಟ್ಟರು. ತಿಂದು ಒಲೆಯ ಪಕ್ಕ ಬೆಚ್ಚಗೆ ಕೂತು, ಮನೆಗೆ ವಾಪಸು ಹೋಗುವುದು ತಪ್ಪಲಿ ಎಂದು, "ಹಿಮವೇ ಹಿಮವೇ, ಬಾ ಬಾ" ಎಂದು ಕರೆಯುತ್ತಾನೆ. ಲೂಮಿ ಅಂದರೆ ಹಿಮ, ತುಲೆ ಅಂದರೆ ಬಾ.

ಪುಟ್ಟಲಕ್ಷ್ಮಮ್ಮನಿಗೆ ಸಂತೋಷವೂ ಆಯಿತು, ಅನುಮಾನವೂ ಬಂತು. ಕೆರೆಯ ಮೇಲೆ ನಡೆಯುವುದೆಂದರೇನು? ಅಜ್ಜಿ ಎದ್ದು ನಾಲ್ಕು ಹೆಜ್ಜೆ ಜಾರಿ ಜಾರಿ ನಡೆದು ತೋರಿಸಿದಳು. ಆದರೂ ಆ ಆಷಾಢದಲ್ಲಿ ನಾಟಿ ಹಾಕುವಾಗ ಜೊತೆಯ ಹೆಂಗಸರಿಗೆ ಇದನ್ನು ಹೇಳಿದರೆ ಒಬ್ಬರೂ ನಂಬಲಿಲ್ಲ. ಪದ ನಂಬಿಕೆಗೆ ಬರಬೇಕಾದರೆ ಊರು ಬದಲಾಗಬೇಕು ಎಂದು ಅವಳಿಗೆ ತೋರಿತು. ಕೆಸರಿನಲ್ಲಿ ಬಗ್ಗಿದಂತೆಯೇ ಕಟ್ಟತೊಡಗಿದಳು. ಕನ್ನಂಬಾಡಿ ಕಟ್ಟೆಯ ಬಾಗಿಲು ಹಾಕಿದ್ದಾರೆ, ಕಾವೇರಿಯಲ್ಲಿ ನೀರಿಲ್ಲ, ಗಂಡಿನ ಕಡೆಯ ಪುಣ್ಯಾತ್ಮನೊಬ್ಬ ಬಂಡೆಯಿಂದ ಬಂಡೆಗೆ ಕಾಲಿಟ್ಟುಕೊಂಡು ಹೊಳೆ ದಾಟಿ ಮದುವೆಗೆ ಹೋಗುತ್ತಾನೆ, ಒಂದು ದಿನ ತಡವಾಗಿ ತಂಗಳು ಮುದ್ದೆ ಉಣ್ಣುತ್ತಾನೆ. ಸೊಲ್ಲು ಮಾತ್ರ ಹಳೆಯ ಧಾಟಿಯಲ್ಲೇ ಕೂತಿತು:

"ಬಾರೆ ಕಾವೇರಮ್ಮ, ಬಾರೆ ಬಾರೆ,
ಬಂದ ದಾರಿಯ ಮುಚ್ಚು, ಬಾರೆ ಬಾರೆ."

ಮೊದಲ ಸಲ ಅದನ್ನು ಹೇಳಿದ್ದು ನಾಗಮಂಗಲದ ಒಂದು ಮದುವೆಯಲ್ಲಿ, ಸೋಮಮ್ಮನ ಎದುರಿಗೆ. ಪದ ಗಂಡಿನ ಕಡೆಯವರ ಮೇಲೆಯೇ ಎಂದು ಈ ಸಲ ಎಲ್ಲರಿಗೂ ಅರ್ಥವಾಯಿತು. ಸೋಮಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಮುಗಿಯುತ್ತಲೇ ಅದೇ ಧಾಟಿ ಹಿಡಿದು, ಆ ಪುಣ್ಯಾತ್ಮ ಬಾಬುರಾಯನಕೊಪ್ಪಲಿನವನೇ, ಸೀಬೆಮರದ ನೆರಳಲ್ಲಿ ಮಲಗಿದ್ದಕ್ಕೇ ತಡವಾದದ್ದು ಎಂದು ನಿಂತಲ್ಲೇ ಕಟ್ಟಿ ಬಿಟ್ಟಳು. ಪುಟ್ಟಲಕ್ಷ್ಮಮ್ಮ ಅವನಿಗೆ ನಾಗಮಂಗಲದಲ್ಲಿ ಒಬ್ಬ ಸೋದರಮಾವನನ್ನು ಹುಟ್ಟಿಸಿದಳು. ಸೋಮಮ್ಮ ಆ ಮಾವನಿಗೆ ಶ್ರೀರಂಗಪಟ್ಟಣದಲ್ಲಿ ಸಾಲಗಾರರನ್ನು ಸೃಷ್ಟಿಸಿದಳು. ಎಲೆ ಹಾಕಿದ್ದೇವೆ ಎಂದು ಅಡುಗೆಯವರು ಮೂರು ಸಲ ಬಂದು ಕರೆದರೂ ಎರಡು ಸಾಲಿನವರೂ ಏಳಲಿಲ್ಲ. ಅವತ್ತು ಗೆದ್ದವರು ಯಾರೆಂದು ಎರಡು ತಾಲ್ಲೂಕಿನವರೂ ಬೇರೆ ಬೇರೆಯಾಗಿ ಹೇಳುತ್ತಾರೆ.

ಹಿಮದ ನಾಡಿನ ಧಾಟಿಯ ಆ ಪದ ಈಗ ಎಲ್ಲ ಕಡೆ ಇದೆ. ನಾಗಮಂಗಲದ ಕಡೆ ಕೇಳಿದರೆ ಅದು ಸೋಮಮ್ಮನ ಅಜ್ಜಿಯ ಕಾಲದ್ದು, ತಲೆತಲಾಂತರದಿಂದ ಬಂದದ್ದು ಎನ್ನುತ್ತಾರೆ. ಈ ಮಾತನ್ನು ಯಾರಾದರೂ ಪುಟ್ಟಲಕ್ಷ್ಮಮ್ಮನ ಮುಂದೆ ಎತ್ತಿದರೆ ಅವಳು ಜಗಳಕ್ಕೆ ಹೋಗುವುದಿಲ್ಲ. ಹಣ್ಣಿಗೆ ಉಪ್ಪುಖಾರ ಸವರುತ್ತಲೇ ಹೇಳುತ್ತಾಳೆ: "ಇರ್ಬೋದಪ್ಪ. ಆ ಅಜ್ಜಿತಾವ ಸ್ವೆಟ್ರು ಇತ್ತಾ ಅಂತ ಒಂದ್ಸಲ ಕೇಳ್ಕಂಡ್ ಬನ್ನಿ."